ಓದುಗರ ಪ್ರಶ್ನೆ: ಲಸಿಕೆ ಕಾಪಾಡುತ್ತದೆಯೇ ಎಂದು ಅಳೆಯುವವರ ಕೆಲಸ

(ಲಸಿಕೆ ಸಂಶೋಧನೆಯಲ್ಲಿ ಬಹುಕಾಲ ದುಡಿದು, ಈಗ ಪೊನ್ನಂಪೇಟೆ ಹತ್ತಿರದ ತೋಟದಲ್ಲಿ ನೆಲೆಸಿರುವ ರೋಗನಿರೋಧಕ ವಿಜ್ಞಾನಿಯೊಬ್ಬರು ಈ ತಿಂಗಳ ಪತ್ರಗಳಿಗೆ ಉತ್ತರಿಸಿದ್ದಾರೆ. ಪತ್ರಗಳೆಲ್ಲ ಕೊಡಗು ಜಿಲ್ಲೆಯಿಂದಲೇ ಬಂದವು.)

ಪ್ರಶ್ನೆ: ಮೇಡಂ, ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಕೋವಿಡ್ ಸಮಯದಲ್ಲಿ ಟಿವಿಯಲ್ಲಿ ಇಮ್ಯುನಾಲಜಿಸ್ಟ್ ಎಂಬ ಮಾತು ಕೇಳುತ್ತಿದ್ದೆ. ಲಸಿಕೆ ಕಂಡುಹಿಡಿಯುವವರು ಅವರೇನಾ? ದಿನವೂ ಮಾಡುವ ಕೆಲಸ ಏನು? ಎಂಬಿಬಿಎಸ್ ಸೀಟು ಸಿಗದಿದ್ದರೆ ಈ ದಾರಿ ಮುಚ್ಚಿದಂತೆಯೇ?
ವಿದ್ಯಾರ್ಥಿನಿ, ನಾಪೋಕ್ಲು

ಉತ್ತರ: ಮಗಳೇ, ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ನಿನ್ನ ಮನೆಯಲ್ಲಿ ಈಗ ಅದರದ್ದೇ ಮಾತು ಇರುತ್ತದೆ. ದಾರಿ ಮುಚ್ಚಿಲ್ಲ. ನನ್ನ ಜೊತೆ ಕೆಲಸ ಮಾಡಿದವರಲ್ಲಿ ವೈದ್ಯರಿದ್ದರು, ಹೆಬ್ಬಾಳದಲ್ಲಿ ಓದಿದ ಪಶುವೈದ್ಯರಿದ್ದರು. ಆದರೆ ನನ್ನ ಹಾಗೆ ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಬಂದವರೇ ಹೆಚ್ಚು. ನಾನು ಮಡಿಕೇರಿಯಲ್ಲಿ ಬಿ.ಎಸ್ಸಿ. ಓದಿದವಳು. ಬೆಂಗಳೂರಿಗೆ ಹೋದ ಹೊಸದರಲ್ಲಿ ಸೆಮಿನಾರಿನಲ್ಲಿ ಕೈ ಎತ್ತಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಅಂಜಿಕೆಯಾಗುತ್ತಿತ್ತು. ಆ ಅಂಜಿಕೆ ಕೆಲಸ ಮಾಡುತ್ತ ಮಾಡುತ್ತ ಹೋಯಿತು. ನಿನ್ನದೂ ಹೋಗುತ್ತದೆ.

ಇನ್ನು ಕೆಲಸದ ವಿಚಾರ. ಲಸಿಕೆಯನ್ನು ಯಾರೋ ಒಬ್ಬರು ಕೂತು ಕಂಡುಹಿಡಿಯುವುದಿಲ್ಲ. ವೈರಸ್ ಬೆಳೆಸುವವರು, ಅದನ್ನು ಶುದ್ಧ ಮಾಡುವವರು, ಅಂಕಿ ಲೆಕ್ಕ ಹಾಕುವವರು, ಮನೆ ಮನೆ ಸುತ್ತಿ ಮಕ್ಕಳ ಆರೋಗ್ಯ ಬರೆದುಕೊಂಡು ಬರುವ ನರ್ಸುಗಳು, ಹೀಗೆ ನೂರಾರು ಕೈ ಸೇರಬೇಕು. ಇವರ ನಡುವೆ ನಮ್ಮ ಪಾಲಿಗೆ ಬರುವ ಪ್ರಶ್ನೆ ಒಂದೇ: ಸೂಜಿ ಚುಚ್ಚಿದ ಮೇಲೆ ಆ ಮೈಯೊಳಗೆ ಏನು ಬದಲಾಯಿತು, ಆ ಬದಲಾವಣೆ ಕಾಯಿಲೆಯನ್ನು ತಡೆಯುವಷ್ಟಿದೆಯೇ?

ಸಂಜೆ ನಾಲ್ಕಕ್ಕೆ ಆಸ್ಪತ್ರೆಯಿಂದ ರಕ್ತದ ಟ್ಯೂಬುಗಳು ಬಂದವು ಎಂದಿಟ್ಟುಕೋ. ಲಸಿಕೆ ಪಡೆದು ತಿಂಗಳಾದವರ ರಕ್ತ. ನಾಳೆ ನೋಡೋಣ ಎಂದು ಇಟ್ಟರೆ ಕಣಗಳು ಕೆಡುತ್ತವೆ, ಆವತ್ತೇ ಮುಗಿಸಬೇಕು. ಫೈಕಾಲ್ ಎಂಬ ಭಾರದ ದ್ರವವನ್ನು ಉದ್ದನೆಯ ಟ್ಯೂಬಿನ ತಳಕ್ಕೆ ಹಾಕಿ, ಅದರ ಮೇಲೆ ರಕ್ತವನ್ನು ಟ್ಯೂಬಿನ ಗೋಡೆಗುಂಟ ನಿಧಾನವಾಗಿ ಇಳಿಬಿಡುತ್ತೇವೆ. ಎರಡೂ ಬೆರೆತರೆ ಆ ರಕ್ತ ದಂಡ. ಆಮೇಲೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಸುಮಾರು ಅರ್ಧ ಗಂಟೆ ತಿರುಗಿಸುತ್ತೇವೆ. ನಿಲ್ಲಿಸುವಾಗ ಬ್ರೇಕ್ ಹಾಕುವಂತಿಲ್ಲ, ತಾನಾಗಿಯೇ ನಿಲ್ಲಬೇಕು. ಹೊರಗೆ ತೆಗೆದರೆ ತಳದಲ್ಲಿ ಕೆಂಪು ರಕ್ತಕಣ, ಮೇಲೆ ಹಳದಿ ಪ್ಲಾಸ್ಮಾ, ನಡುವೆ ಆರಿದ ಹಾಲಿನ ಕೆನೆಯಷ್ಟು ತೆಳ್ಳಗಿನ ಒಂದು ಬಿಳಿ ಪದರ. ನಮಗೆ ಬೇಕಾದ ಬಿಳಿ ರಕ್ತಕಣಗಳು ಇರುವುದು ಅಲ್ಲೇ. ಒಂದು ಮಿಲಿಲೀಟರ್ ರಕ್ತಕ್ಕೆ ಸುಮಾರು ಹತ್ತು ಲಕ್ಷ ಕಣ ಸಿಗುತ್ತವೆ. ಪಿಪೆಟ್‌ನಿಂದ ಆ ಪದರವನ್ನಷ್ಟೇ ಎಳೆದು, ತೊಳೆದು, ಎಣಿಸಿ, ಒಂದಿಷ್ಟನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತೇವೆ. ಉಳಿದದ್ದನ್ನು 96 ಗುಳಿಗಳಿರುವ ತಟ್ಟೆಗೆ ಹಾಕಿ, ರೋಗಾಣುವಿನ ತುಣುಕುಗಳನ್ನು ಅವುಗಳ ಎದುರಿಗಿಡುತ್ತೇವೆ. ಆ ರೋಗಾಣುವನ್ನು ಮೊದಲೇ ಕಂಡು ನೆನಪಿಟ್ಟುಕೊಂಡ ಕಣ ಕೆರಳಿ ಇಂಟರ್‌ಫೆರಾನ್ ಎಂಬ ರಾಸಾಯನಿಕವನ್ನು ಹೊರಬಿಡುತ್ತದೆ. ಬಣ್ಣ ಬರಿಸಿದಾಗ ತಟ್ಟೆಯ ತಳದಲ್ಲಿ ಒಂದು ಚುಕ್ಕೆ ಮೂಡುತ್ತದೆ. ಒಂದು ಚುಕ್ಕೆ ಎಂದರೆ ನೆನಪಿರುವ ಒಂದು ಕಣ. ಮನುಷ್ಯನ ಮೈ ನೆನಪಿಟ್ಟುಕೊಂಡದ್ದನ್ನು ಕಣ್ಣಿಂದ ನೋಡಿ ಎಣಿಸಬಹುದು ಎಂದು ಮೊದಲ ಸಲ ಕಂಡಾಗ ನನಗಾದ ಸಂತೋಷ ಇವತ್ತಿಗೂ ಮಾಸಿಲ್ಲ.

ಆದರೆ ಚುಕ್ಕೆ ಮೂಡಿತು, ಪ್ರತಿಕಾಯ (ರೋಗಾಣುವಿಗೆ ಅಂಟಿ ಅದನ್ನು ತಡೆಯಲು ಮೈ ಮಾಡಿಕೊಳ್ಳುವ ಪ್ರೋಟೀನು) ಏರಿತು ಎಂದ ಮಾತ್ರಕ್ಕೆ ಕಾಪಾಡುತ್ತದೆ ಎಂದಲ್ಲ. ಇದನ್ನು ಈಗಲೇ ಮನಸ್ಸಿಗೆ ತಂದುಕೋ. ಕೆಲವು ಕಾಯಿಲೆಗಳಲ್ಲಿ ಗಡಿ ಗೊತ್ತಿದೆ. ಹೆಪಟೈಟಿಸ್ ಬಿಗೆ ಒಂದು ಲೀಟರ್ ಸೀರಂನಲ್ಲಿ (ಹೆಪ್ಪುಗಟ್ಟಿದ ರಕ್ತದಿಂದ ಬೇರೆಯಾಗುವ ತಿಳಿ) 10 ಅಂತರರಾಷ್ಟ್ರೀಯ ಯೂನಿಟ್ ಪ್ರತಿಕಾಯ ಇದ್ದರೆ ರಕ್ಷಣೆ ಇದೆ ಎಂದು ತಿಳಿಯುತ್ತೇವೆ. ರೇಬೀಸ್‌ಗೆ ಒಂದು ಮಿಲಿಲೀಟರಿಗೆ 0.5 ಯೂನಿಟ್ ಇದ್ದರೆ ಲಸಿಕೆ ಹಿಡಿದಿದೆ ಎಂದು ಲೆಕ್ಕ. ಕ್ಷಯಕ್ಕೆ ಇಂಥ ಗಡಿಯೇ ಇಲ್ಲ. ಇಡೀ ಜೀವಮಾನ ಈ ಗಡಿ ಹುಡುಕುವುದರಲ್ಲೇ ಕಳೆದ ವಿಜ್ಞಾನಿಗಳಿದ್ದಾರೆ, ಅದು ಸಾರ್ಥಕ ಜೀವಮಾನವೇ.

ಓದಿನ ದಾರಿ ಹೀಗೆ: ಜೀವಶಾಸ್ತ್ರ, ರಸಾಯನಶಾಸ್ತ್ರ, ಮೈಕ್ರೋಬಯಾಲಜಿ ಇಂಥ ವಿಷಯಗಳಲ್ಲಿ ಬಿ.ಎಸ್ಸಿ. ಆಮೇಲೆ ಜ್ಯಾಮ್ ಎಂಬ ಪ್ರವೇಶ ಪರೀಕ್ಷೆ ಬರೆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಇಲ್ಲವೇ ಎಂ.ಎಸ್ಸಿ. ಮಾಡಿ, ಪಿಎಚ್.ಡಿ. ಫೆಲೋಶಿಪ್ಪಿಗೆಂದು ಸಿಎಸ್‌ಐಆರ್ ನೆಟ್ ಪರೀಕ್ಷೆ ಬರೆಯಬಹುದು. ಗಣಿತ ಬಿಡಬೇಡ. ಸಂಖ್ಯಾಶಾಸ್ತ್ರ ಬಾರದ ರೋಗನಿರೋಧಕ ವಿಜ್ಞಾನಿಗೆ ತನ್ನ ಚುಕ್ಕೆಗಳ ಅರ್ಥ ತನಗೇ ತಿಳಿಯುವುದಿಲ್ಲ.

ಪ್ರಶ್ನೆ: ನಮ್ಮ ತೋಟ ಕಾಡಿನ ಅಂಚಿನಲ್ಲಿದೆ, ಆಚೆ ಬದಿ ವಯನಾಡು. ಕೊಯ್ಲಿಗೆ ಬಂದವರು ಲೈನ್‌ಮನೆಯಲ್ಲಿದ್ದಾರೆ, ಸೌದೆಗೆ ಕಾಡಿಗೆ ಹೋಗುತ್ತಾರೆ. ಮಂಗನ ಕಾಯಿಲೆಗೆ ಶಿವಮೊಗ್ಗ ಕಡೆ ಲಸಿಕೆ ಕೊಡುತ್ತಿದ್ದರಲ್ಲ, ಈಗ ಕೇಳಿದರೆ ಇಲ್ಲ ಅನ್ನುತ್ತಾರೆ. ಇದ್ದ ಲಸಿಕೆಯನ್ನು ನಿಲ್ಲಿಸುವುದು ಯಾವ ನ್ಯಾಯ?
ಬೆಳೆಗಾರ, ಕುಟ್ಟ

ಉತ್ತರ: ಅಣ್ಣ, ನಿಮ್ಮ ಕಳವಳ ನ್ಯಾಯವಾದದ್ದು. ಕಾಫಿ ಕೊಯ್ಲೂ ಈ ಕಾಯಿಲೆ ಹರಡುವ ಉಣ್ಣೆ ಮರಿಗಳ ಕಾಟವೂ ಒಂದೇ ಕಾಲಕ್ಕೆ ಬರುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಈ ಕಾಯಿಲೆಯ ಸುಗ್ಗಿ. 2012ರಲ್ಲಿ ಬಂಡೀಪುರದ ಕಡೆ ಕಾಣಿಸಿಕೊಂಡಿತು, ಆಮೇಲೆ ವಯನಾಡಿನಲ್ಲಿ. ಕಾಯಿಲೆ ಬಂದ ನೂರು ಜನರಲ್ಲಿ ಮೂವರಿಂದ ಐವರು ಸಾಯುತ್ತಾರೆ. ಹಗುರವಾಗಿ ನೋಡುವಂಥದ್ದಲ್ಲ.

ಈ ಲಸಿಕೆಯ ಕತೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ನನ್ನ ವಿದ್ಯಾರ್ಥಿಗಳಿಗೂ ಹೇಳುತ್ತಿದ್ದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗಳವರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿಬಂದದ್ದು ದೊಡ್ಡ ಭಯ ಇಟ್ಟುಕೊಂಡು: ಹಳದಿ ಜ್ವರ ಭಾರತಕ್ಕೂ ಬಂದುಬಿಟ್ಟಿತೇ? ಆ ಜ್ವರದಲ್ಲೂ ಮಂಗಗಳು ಸಾಯುತ್ತವೆ. ವೈರಸ್ಸನ್ನು ಬೇರ್ಪಡಿಸಿ ನೋಡಿದರೆ ಅದು ಹಳದಿ ಜ್ವರವಲ್ಲ, ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮಿದುಳು ಜ್ವರದ ಬಳಗಕ್ಕೆ ಸೇರಿದ ಹೊಸ ವೈರಸ್. ಬಳಗ ಒಂದೇ ಅಲ್ಲವೇ ಎಂದು ರಷ್ಯಾದ ಆ ಕಾಯಿಲೆಯ ಲಸಿಕೆಯನ್ನೇ ತಂದು ಇಲ್ಲಿ ಕೊಟ್ಟು ನೋಡಿದರು. ಕಾಪಾಡಲಿಲ್ಲ. ಲ್ಯಾಬಿನಲ್ಲಿ ಎರಡೂ ವೈರಸ್ ಹತ್ತಿರದವು ಎಂದು ಕಂಡರೂ ಕಾಡಿನಂಚಿನ ಮನುಷ್ಯನಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ಆಮೇಲೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ನಮ್ಮದೇ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಲಸಿಕೆ ಮಾಡಿದರು. 1990ರ ದಶಕದ ಮೊದಲ ವರ್ಷಗಳಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಿಗೆ ಶೇ. 90ಕ್ಕೂ ಮಿಕ್ಕಿ ರಕ್ಷಣೆ ಸಿಕ್ಕಿತು ಎಂದು ಲೆಕ್ಕ ಬಂತು. ಅದೇ ಲಸಿಕೆಯ 2005ರಿಂದ 2010ರವರೆಗಿನ ಲೆಕ್ಕ ನೋಡಿದರೆ ಎರಡು ಡೋಸಿಗೆ ಶೇ. 62, ಬೂಸ್ಟರ್ ಹಾಕಿಸಿಕೊಂಡವರಿಗೆ ಶೇ. 83ರ ಆಸುಪಾಸು. ಹಾಗಾದರೆ ಹಾಕಿಸಿಕೊಂಡದ್ದೇ ಲಾಭ ಅಲ್ಲವೇ ಎಂದು ನೀವು ಕೇಳಬಹುದು. ಆದರೆ ಆ ಶೇ. 83 ಸಿಗಬೇಕಾದರೆ ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳಿಗೆ ಮೂರನೆಯದು, ಆಮೇಲೆ ವರ್ಷ ವರ್ಷ ಒಂದೊಂದು. ರಕ್ಷಣೆ ಬೇಗ ಇಳಿಯುತ್ತಿತ್ತು, ಸೂಜಿ ವಿಪರೀತ ನೋಯುತ್ತಿತ್ತು. ಮೊದಲ ಡೋಸಿಗೆ ಬಂದವರು ಎರಡನೆಯದಕ್ಕೆ ಬರುತ್ತಿರಲಿಲ್ಲ. ಕೂಲಿ ಬಿಟ್ಟು ಬಂದು ಎರಡು ದಿನ ಕೈ ಎತ್ತಲಾಗದೆ ಮಲಗುವ ಬಡವರನ್ನು ದೂರುವುದು ಹೇಗೆ? ಸಾಲದು ಎಂದು ತಿಳಿದ ಮೇಲೆ 2022ರಿಂದ ಅದನ್ನು ಕೊಡುವುದನ್ನು ನಿಲ್ಲಿಸಿದರು.

ನಿಲ್ಲಿಸಿದ್ದು ಸರಿ ಎಂಬುದೇ ನನ್ನ ಅಭಿಪ್ರಾಯ. ಲಸಿಕೆ ಹಾಕಿಸಿಕೊಂಡಿದ್ದೇನೆ ಎಂಬ ಧೈರ್ಯದಲ್ಲಿ ಉಣ್ಣೆ ತಡೆಯುವ ಎಣ್ಣೆ ಹಚ್ಚದೆ ಕಾಡಿಗೆ ಹೋಗುವವನಿಗೆ ದುರ್ಬಲ ಲಸಿಕೆ ಕೊಡುವುದು ಅನ್ಯಾಯ. ಆದರೆ ಹೊಸದನ್ನು ಸಿದ್ಧ ಮಾಡಿಟ್ಟುಕೊಂಡು ಹಳೆಯದನ್ನು ಬಿಡಬೇಕಿತ್ತು. 1957ರಿಂದ ಎಷ್ಟು ವರ್ಷ ಕಳೆದವು! ಶ್ರೀಮಂತರ ಊರಿನ ಕಾಯಿಲೆಯಾಗಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ ಎಂದು ನಾನು ಸಭೆಗಳಲ್ಲೂ ಹೇಳಿದ್ದೇನೆ.

ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆ ಸೇರಿ ಕೈಗೆತ್ತಿಕೊಂಡಿದೆ. ಕಷ್ಟ ಎರಡು. ಈ ವೈರಸ್ಸನ್ನು ಸಾಮಾನ್ಯ ಲ್ಯಾಬಿನಲ್ಲಿ ಮುಟ್ಟುವಂತಿಲ್ಲ, ಅತಿ ಹೆಚ್ಚಿನ ಭದ್ರತೆಯ ಲ್ಯಾಬ್ ಬೇಕು. ದೇಶದ ಮೊದಲ ಅಂಥ ಲ್ಯಾಬ್ ಪುಣೆಯಲ್ಲಿ ಶುರುವಾದದ್ದೇ 2012ರಲ್ಲಿ. ಎರಡನೆಯದು ಇನ್ನೂ ದೊಡ್ಡದು. ವರ್ಷಕ್ಕೆ ಕೆಲವು ನೂರು ಜನರಿಗೆ, ಅದೂ ಒಂದು ವರ್ಷ ಈ ಊರಿನಲ್ಲಿ, ಇನ್ನೊಂದು ವರ್ಷ ಆ ಊರಿನಲ್ಲಿ ಕಾಣಿಸುವ ಕಾಯಿಲೆ ಇದು. ಲಸಿಕೆ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ತೋರಿಸಲು ಎಷ್ಟು ಸಾವಿರ ಜನರನ್ನು ಎಷ್ಟು ವರ್ಷ ಹಿಂಬಾಲಿಸಬೇಕು, ಯೋಚಿಸಿ. ಆದ್ದರಿಂದಲೇ ಇಲ್ಲಿ ರಕ್ತದಲ್ಲಿ ಅಳೆಯಬಹುದಾದ ಗಡಿಯೊಂದು ಸಿಕ್ಕರೆ ಬಹಳ ಉಪಕಾರ.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದು: ಆರೋಗ್ಯ ಇಲಾಖೆಯವರಿಂದ ಡೆಪಾ ಎಂಬ ಆ ಎಣ್ಣೆ ಕೇಳಿ ತರಿಸಿ, ಕಾಡಿಗೆ ಹೋಗುವವರ ಕೈಕಾಲಿಗೆ ಹಚ್ಚಿಸಿ. ಮೈ ತುಂಬ ಬಟ್ಟೆ ಇರಲಿ. ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಲಿ. ಲೈನ್‌ಮನೆಯಲ್ಲಿ ಅದಕ್ಕೆ ಹಂಡೆ, ಸೌದೆ ನೀವೇ ಒದಗಿಸಿದರೆ ಅವರು ಸೌದೆಗೆ ಕಾಡಿಗೆ ಹೋಗುವುದೂ ಕಡಿಮೆಯಾದೀತು. ಸತ್ತ ಮಂಗ ಕಂಡರೆ ಯಾರೂ ಮುಟ್ಟದೆ ಅರಣ್ಯ ಇಲಾಖೆಗೆ, ಪಿಎಚ್‌ಸಿಗೆ ಆವತ್ತೇ ತಿಳಿಸಿ.

ಪ್ರಶ್ನೆ: ಅಕ್ಕ, ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರೇ ಬಲ್ಲ. ಲಸಿಕೆ ಬಿಸಿಯಾಗಿ ಕೆಟ್ಟುಹೋಗುತ್ತದೆ ಎಂಬ ಭಯಕ್ಕೆ ಕೆಲವರು ಕ್ಯಾರಿಯರ್ ತುಂಬ ಗಟ್ಟಿ ಐಸ್ ತುಂಬುತ್ತಾರೆ. ಹೆಚ್ಚು ತಂಪಾದರೆ ತೊಂದರೆ ಇದೆಯೇ?
ಆಶಾ ಕಾರ್ಯಕರ್ತೆ, ಭಾಗಮಂಡಲ ಹೋಬಳಿ

ಉತ್ತರ: ಇದೆ ತಂಗಿ, ಬಹಳ ಇದೆ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ನಮಸ್ಕಾರ.

ನಮ್ಮ ಮಳೆ ಜಿಲ್ಲೆಯಲ್ಲಿ ಬಿಸಿಗಿಂತ ಹೆಪ್ಪುಗಟ್ಟುವುದೇ ಹೆಚ್ಚಿನ ಅಪಾಯ. ಪೆಂಟಾವೇಲೆಂಟ್, ಡಿಪಿಟಿ, ಟಿಡಿ, ಹೆಪಟೈಟಿಸ್ ಬಿ ಇವುಗಳಲ್ಲಿ ಲಸಿಕೆಯ ಪ್ರೋಟೀನು ಅಲ್ಯೂಮಿನಿಯಂ ಲವಣದ ಸಣ್ಣ ಕಣಗಳಿಗೆ ಅಂಟಿಕೊಂಡಿರುತ್ತದೆ. ಆ ಲವಣವೇ ಮೈಯ ರಕ್ಷಣಾ ಕಣಗಳನ್ನು ಸೂಜಿ ಚುಚ್ಚಿದ ಜಾಗಕ್ಕೆ ಕರೆತರುವುದು. ಒಮ್ಮೆ ಹೆಪ್ಪುಗಟ್ಟಿದರೆ ಲವಣದ ಕಣಗಳು ಗಂಟಾಗುತ್ತವೆ, ಕರಗಿದ ಮೇಲೂ ಮೊದಲಿನಂತಾಗುವುದಿಲ್ಲ. ಆ ಲಸಿಕೆ ಹಾಕಿದರೆ ಮಗು ಅಳುತ್ತದೆ, ಜಾಗ ಊದುತ್ತದೆ, ಕಾರ್ಡಿನಲ್ಲಿ ಟಿಕ್ ಬೀಳುತ್ತದೆ, ರಕ್ಷಣೆ ಮಾತ್ರ ಹುಟ್ಟುವುದಿಲ್ಲ. ತಾಯಿಗೂ ತಿಳಿಯದು, ನಿಮಗೂ ತಿಳಿಯದು. ನಾವು ವರ್ಷಗಟ್ಟಲೆ ಅಳೆದು ತೂಗಿ ಮಾಡಿದ್ದೆಲ್ಲ ಆ ಒಂದು ಡಬ್ಬಿಯೊಳಗೆ ವ್ಯರ್ಥವಾಗುತ್ತದೆ.

ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಹಾಗೇ ಕ್ಯಾರಿಯರಿಗೆ ಹಾಕಬೇಡಿ. ಮೇಜಿನ ಮೇಲೆ ಸಾಲಾಗಿ ಇಡಿ. ಮೈ ಬೆವರುತ್ತದೆ. ಕಿವಿಯ ಹತ್ತಿರ ಹಿಡಿದು ಕುಲುಕಿದಾಗ ಒಳಗೆ ನೀರಿನ ಸದ್ದು ಕೇಳಿದರೆ ಆಗ ಹಾಕಿ. ಅವಸರದ ಬೆಳಿಗ್ಗೆ ಈ ಕಾಯುವಿಕೆ ಬೇಸರವೇ, ಆದರೂ ಬಿಡಬೇಡಿ. ಹೆಪ್ಪುಗಟ್ಟಿತ್ತೇನೋ ಎಂಬ ಅನುಮಾನ ಬಂದರೆ, ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಅದೇ ಬ್ಯಾಚಿನ ಒಂದು ವಯಲನ್ನೂ ಅನುಮಾನದ ವಯಲನ್ನೂ ಒಟ್ಟಿಗೆ ಕುಲುಕಿ ಪಕ್ಕಪಕ್ಕ ಇಟ್ಟು ನೋಡುವ ಪರೀಕ್ಷೆ ಇದೆ. ಕೆಟ್ಟದ್ದರಲ್ಲಿ ಬಿಳಿ ಚೂರುಗಳು ಬೇಗ ತಳಕ್ಕೆ ಇಳಿದು ಮೇಲೆ ತಿಳಿನೀರು ನಿಲ್ಲುತ್ತದೆ, ಒಳ್ಳೆಯದು ಬಹಳ ಹೊತ್ತು ಮಬ್ಬಾಗಿಯೇ ಇರುತ್ತದೆ. ನಿಮ್ಮ ಎಎನ್‌ಎಂ ಸಿಸ್ಟರ್‌ಗೆ ಗೊತ್ತಿರುತ್ತದೆ, ಒಮ್ಮೆ ತೋರಿಸಿಕೊಡಲು ಹೇಳಿ.

ಬಿಸಿಯ ಭಯ ಇರಬೇಕಾದದ್ದು ಮುಖ್ಯವಾಗಿ ಪೋಲಿಯೋ ಹನಿಗೆ. ವಯಲಿನ ಮೇಲಿನ ವೃತ್ತದೊಳಗಿನ ಚೌಕ ನೋಡಿ. ಚೌಕ ಸುತ್ತಲಿನ ಬಣ್ಣದಷ್ಟೇ ಕಪ್ಪಾದರೆ ಬಿಸಾಡಿ. ಪಿಎಚ್‌ಸಿಯಲ್ಲಿ ಲಸಿಕೆ ಇಡುವ ಫ್ರಿಜ್ ಐಎಲ್‌ಆರ್‌ಗೆ ದಿನಕ್ಕೆ 8 ಗಂಟೆ ಕರೆಂಟ್ ಸಿಕ್ಕರೂ 2ರಿಂದ 8 ಡಿಗ್ರಿ ಕಾಯ್ದುಕೊಳ್ಳುವಂತೆ ಮಾಡಿರುತ್ತಾರೆ. ಕರೆಂಟ್ ಹೋದಾಗ ನೋಡೋಣ ಎಂದು ಮುಚ್ಚಳ ತೆಗೆಯದಿದ್ದರೆ ಸಾಕು.

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ಇದೇ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾನೆ. ಮೂವತ್ತು ತುಂಬುತ್ತ ಬಂತು. ಅವನ ಜೊತೆಯವರೆಲ್ಲ ಸಂಬಳ ತೆಗೆದುಕೊಂಡು ಮನೆ ಕಟ್ಟಿಸಿದರು. ನೆಂಟರು ಇನ್ನೂ ಓದೇ ಮುಗಿದಿಲ್ಲವೇ ಅನ್ನುತ್ತಾರೆ. ಈ ಕೆಲಸಕ್ಕೆ ಭವಿಷ್ಯ ಇದೆಯೇ ಮೇಡಂ?
ಗೃಹಿಣಿ, ಕುಶಾಲನಗರ

ಉತ್ತರ: ಅಮ್ಮ, ಮೊದಲಿಗೆ, ನಿಮ್ಮ ಮಗ ಓದುತ್ತಿಲ್ಲ, ದುಡಿಯುತ್ತಿದ್ದಾನೆ. ನೆಂಟರಿಗೆ ಹಾಗೇ ಹೇಳಿ. ಸರ್ಕಾರದ ಫೆಲೋಶಿಪ್ ಇದ್ದರೆ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಹಣ ತಿಂಗಳು ತಿಂಗಳು ಸರಿಯಾಗಿ ಬರುವುದಿಲ್ಲ ಎಂಬ ಸಂಕಟ ಅವನು ನಿಮಗೆ ಹೇಳಿರಲಿಕ್ಕಿಲ್ಲ, ಮಕ್ಕಳು ಅಮ್ಮಂದಿರಿಗೆ ಅದನ್ನೆಲ್ಲ ಹೇಳುವುದಿಲ್ಲ.

ಭವಿಷ್ಯದ ಬಗ್ಗೆ ನೇರವಾಗಿ ಹೇಳುತ್ತೇನೆ. ಪಿಎಚ್.ಡಿ. ಆದ ಮೇಲೆ ಇನ್ನೂ ಮೂರ್ನಾಲ್ಕು ವರ್ಷ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನೆಯ ಕೆಲಸ, ಬಹಳ ಮಂದಿ ಹೊರದೇಶದಲ್ಲಿ. ಸರ್ಕಾರಿ ಸಂಸ್ಥೆಗಳಲ್ಲಿ ಕಾಯಂ ಹುದ್ದೆ ಕಡಿಮೆ, ಪೈಪೋಟಿ ಬಹಳ. ಇದನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತೆ. ಇನ್ನೊಂದು ಕಡೆ, ಜಗತ್ತಿಗೆ ಲಸಿಕೆ ಮಾಡಿ ಕಳುಹಿಸುವುದರಲ್ಲಿ ನಮ್ಮ ದೇಶ ಮುಂದಿದೆ. ಆಫ್ರಿಕಾದ ಮೆನಿಂಜೈಟಿಸ್‌ಗೆಂದು 2010ರಲ್ಲಿ ಬಂದ ಲಸಿಕೆ ಪುಣೆಯಲ್ಲಿ ತಯಾರಾದದ್ದು, ಒಂದು ಡೋಸ್ ಅರ್ಧ ಡಾಲರಿಗಿಂತ ಕಡಿಮೆಗೆ. ಪುಣೆ, ಹೈದರಾಬಾದಿನ ಕಾರ್ಖಾನೆಗಳಿಗೆ ಪ್ರತಿಕಾಯ ಅಳೆಯಬಲ್ಲ, ಫಲಿತಾಂಶವನ್ನು ನೆಚ್ಚಬಹುದಾದ ಜನ ಯಾವಾಗಲೂ ಬೇಕು. ಬ್ಯಾಚ್ ಬ್ಯಾಚ್ ಪರೀಕ್ಷಿಸುವ ಕಸೌಲಿಯ ಕೇಂದ್ರೀಯ ಪ್ರಯೋಗಾಲಯ, ನಿಯಂತ್ರಣ ಇಲಾಖೆ, ಆಸ್ಪತ್ರೆಗಳ ಟ್ರಯಲ್ ವಿಭಾಗ, ಇಲ್ಲೆಲ್ಲ ಇದೇ ವಿದ್ಯೆ ನಡೆಯುತ್ತದೆ. ಪ್ರೊಫೆಸರ್ ಆದರೆ ಮಾತ್ರ ಗೆದ್ದ ಹಾಗೆ ಎಂದು ನಮ್ಮ ಹಿರಿಯರು ನಮ್ಮ ತಲೆಗೆ ತುಂಬಿದ್ದರು. ಅದು ತಪ್ಪು ಬೋಧನೆ, ನಿಮ್ಮ ಮಗನ ತಲೆಯಲ್ಲಿ ಇದ್ದರೆ ತೆಗೆದುಹಾಕಲು ಹೇಳಿ. ಮದುವೆಯ ಮಾತು ಅವನೇ ಎತ್ತಲಿ.

ಪ್ರಶ್ನೆ: ಕೋವಿಡ್‌ಗೆ ಒಂದೇ ವರ್ಷದಲ್ಲಿ ಲಸಿಕೆ ಬಂತು. ನೂರಾರು ವರ್ಷದಿಂದ ಇರುವ ಕ್ಷಯಕ್ಕೆ, ಪ್ರತಿ ಮಳೆಗಾಲ ಕಾಡುವ ಡೆಂಗಿಗೆ ಯಾಕೆ ಆಗುತ್ತಿಲ್ಲ? ಮಕ್ಕಳು ಕೇಳಿದರೆ ಏನು ಹೇಳಲಿ?
ಪ್ರೌಢಶಾಲಾ ಶಿಕ್ಷಕ, ಸೋಮವಾರಪೇಟೆ

ಉತ್ತರ: ಮೇಷ್ಟ್ರೇ, ಕೋವಿಡ್ ಲಸಿಕೆ ಒಂದು ವರ್ಷದ ಕೆಲಸವಲ್ಲ ಎಂದೇ ಶುರು ಮಾಡಿ. ಕೋವಿಡ್ ಲಸಿಕೆಗಳಲ್ಲಿ ಒಂದು ಬಗೆಯಾದ ಎಂಆರ್‌ಎನ್‌ಎ ಲಸಿಕೆಗೆ ಅಡಿಪಾಯವಾದ ಶೋಧವನ್ನು ಕಟಾಲಿನ್ ಕಾರಿಕೊ, ಡ್ರೂ ವೈಸ್‌ಮನ್ ಪ್ರಕಟಿಸಿದ್ದು 2005ರಲ್ಲಿ. ನೊಬೆಲ್ ಬಂದದ್ದು 2023ರಲ್ಲಿ. 2003ರ ಸಾರ್ಸ್ ಕಾಲದಿಂದಲೂ ಈ ಬಳಗದ ವೈರಸ್ಸಿನ ಮುಳ್ಳಿನ ಪ್ರೋಟೀನನ್ನು ಓದುತ್ತಿದ್ದವರಿದ್ದರು. ಅದಕ್ಕಿಂತ ಮುಖ್ಯವಾದದ್ದು, ಕೋವಿಡ್ ಬಂದ ಹೆಚ್ಚಿನವರು ತಮ್ಮ ಮೈಯ ಶಕ್ತಿಯಿಂದಲೇ ಗುಣವಾದರು. ಗುಣವಾಗುವ ದಾರಿ ಮೈಗೆ ಗೊತ್ತಿದ್ದರೆ ಲಸಿಕೆ ಅದನ್ನೇ ಮೊದಲು ಕಲಿಸುತ್ತದೆ.

ಕ್ಷಯದಲ್ಲಿ ಆ ದಾರಿಯೇ ಸ್ಪಷ್ಟವಿಲ್ಲ. ರೋಗಾಣು ನಮ್ಮ ಭಕ್ಷಕ ಕಣಗಳ ಒಳಗೇ ಹೋಗಿ ಕೂರುತ್ತದೆ. ಮೈ ಅದನ್ನು ಸುತ್ತುಗಟ್ಟಿ ಹಿಡಿದಿಡುತ್ತದೆಯೇ ಹೊರತು ಬಹಳ ಸಲ ಪೂರ್ತಿ ಕೊಲ್ಲುವುದಿಲ್ಲ. ಒಮ್ಮೆ ಕ್ಷಯ ಬಂದು ವಾಸಿಯಾದವರಿಗೂ ಮತ್ತೆ ಬರಬಹುದು. 1921ರ ಬಿಸಿಜಿ ಲಸಿಕೆಯೇ ಇವತ್ತಿಗೂ ನಮ್ಮ ಬಳಿ ಇರುವುದು. ಎಳೆಮಕ್ಕಳ ಮಿದುಳು ಕ್ಷಯ ತಡೆಯುತ್ತದೆ, ಅದು ಸಣ್ಣ ಉಪಕಾರವಲ್ಲ. ಆದರೆ ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ? ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಆರಂಭಿಸಿ ಲಕ್ಷಾಂತರ ಜನರನ್ನು ಒಳಗೊಂಡ ಪರೀಕ್ಷೆ ನಡೆಸಿದರು, ಹದಿನೈದು ವರ್ಷ ಹಿಂಬಾಲಿಸಿದರು. ರಕ್ಷಣೆ ಕಾಣಲಿಲ್ಲ. ಜಗತ್ತೇ ಕಾಪಾಡುತ್ತದೆ ಎಂದು ನಂಬಿದ್ದ ಲಸಿಕೆಯ ಬಗ್ಗೆ ಇಂಥ ಫಲಿತಾಂಶ ಬಂದಾಗ ನಮ್ಮವರು ಅದನ್ನು ಬಚ್ಚಿಡದೆ ಪ್ರಕಟಿಸಿದರು. ನಮ್ಮ ದೇಶದ ವಿಜ್ಞಾನದಲ್ಲಿ ನನಗೆ ತುಂಬ ಅಭಿಮಾನದ ಅಧ್ಯಾಯ ಯಾವುದು ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಈಗ ಎಂ72 ಎಂಬ ಹೊಸ ಲಸಿಕೆ ಮೊದಲ ಪರೀಕ್ಷೆಗಳಲ್ಲಿ ಸುಮಾರು ಶೇ. 50 ರಕ್ಷಣೆ ತೋರಿಸಿದೆ, 2024ರಿಂದ ಅದರ ದೊಡ್ಡ ಪರೀಕ್ಷೆ ದಕ್ಷಿಣ ಆಫ್ರಿಕಾದಲ್ಲಿ ಶುರುವಾಗಿದೆ.

ಡೆಂಗಿಯದು ಬೇರೆ ತೊಡಕು. ವೈರಸ್ ನಾಲ್ಕು ಬಗೆ. ಒಂದು ಬಗೆಗೆ ಹುಟ್ಟಿದ ಅರೆಬರೆ ಪ್ರತಿಕಾಯ ಇನ್ನೊಂದು ಬಗೆಯ ವೈರಸ್ಸಿಗೆ ಅಂಟಿಕೊಂಡರೂ ಅದನ್ನು ಅಡಗಿಸಲಾರದು, ಬದಲಿಗೆ ಕಣದೊಳಗೆ ನುಗ್ಗಲು ನೆರವಾಗುತ್ತದೆ. ಎರಡನೆಯ ಸಲ ಬಂದ ಡೆಂಗಿ ಹೆಚ್ಚು ಉಗ್ರವಾಗುವುದಕ್ಕೆ ಇದೇ ಮುಖ್ಯ ಕಾರಣ ಎಂದು ತಿಳಿಯುತ್ತೇವೆ. ಫಿಲಿಪ್ಪೀನ್ಸ್‌ನಲ್ಲಿ 2016ರಿಂದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗಿ ಲಸಿಕೆ ಕೊಟ್ಟರು. ಹಿಂದೆ ಡೆಂಗಿ ಬಾರದ ಮಕ್ಕಳಿಗೆ ಅದರಿಂದ ಅಪಾಯ ಹೆಚ್ಚಬಹುದು ಎಂದು 2017ರ ಕೊನೆಗೆ ತಿಳಿಯಿತು. ಅಲ್ಲಿನ ತಂದೆತಾಯಂದಿರು ದಡಾರದ ಲಸಿಕೆಯನ್ನೂ ನಂಬದಾದರು. ಅವಸರದ ಬೆಲೆ ಇದು. ನಮ್ಮಲ್ಲಿ ನಾಲ್ಕೂ ಬಗೆಗೆ ಒಂದೇ ಡೋಸಿನ ಲಸಿಕೆಯ ಕೊನೆಯ ಹಂತದ ಪರೀಕ್ಷೆ 2024ರ ಆಗಸ್ಟಿನಲ್ಲಿ ಶುರುವಾಗಿದೆ, ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ. ನಿಧಾನವಾದರೂ ಆಗಲಿ ಎಂದೇ ನನ್ನ ಆಸೆ. ಮಕ್ಕಳಿಗೂ ಹಾಗೇ ಹೇಳಿ.

ಪ್ರಶ್ನೆ: ನಾಯಿ ಕಚ್ಚಿದರೆ ಹೊಕ್ಕಳಿನ ಸುತ್ತ ಹದಿನಾಲ್ಕು ಇಂಜೆಕ್ಷನ್ ಈಗಲೂ ಇದೆಯೇ? ಆ ಹೆದರಿಕೆಗೆ ನಮ್ಮ ತೋಟದ ಹುಡುಗ ಆಸ್ಪತ್ರೆಗೆ ಹೋಗುತ್ತಿಲ್ಲ.
ಓದುಗ, ಸುಂಟಿಕೊಪ್ಪ

ಉತ್ತರ: ಇಲ್ಲ. ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ, ನಮ್ಮ ದೇಶದಲ್ಲಿ ನಿಂತು ಎಷ್ಟೋ ವರ್ಷವಾಯಿತು. ಈಗ ತೋಳಿನ ಚರ್ಮಕ್ಕೆ ಸಣ್ಣ ಸೂಜಿ, ಮೊದಲ ದಿನ, ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತ ಸಿದ್ಧ ಪ್ರತಿಕಾಯವನ್ನೂ ಹಾಕಬೇಕು. ಹುಡುಗನ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಸಿ, ಈ ಪತ್ರಿಕೆ ಕೆಳಗಿಟ್ಟು ಇವತ್ತೇ ಕರೆದುಕೊಂಡು ಹೋಗಿ. ಕಚ್ಚಿ ದಿನಗಳಾಗಿದ್ದರೂ ಹೋಗಿ. ರೋಗಲಕ್ಷಣ ಶುರುವಾದ ಮೇಲೆ ಯಾರೂ ಏನೂ ಮಾಡಲಾರರು.

ಪ್ರಶ್ನೆ: ಇಲಿಗಳನ್ನು ಕೊಂದು ಮಾಡುವ ವಿದ್ಯೆಯಲ್ಲವೇ ಇದು? ಮನಸ್ಸಿಗೆ ನೋವಾಗುವುದಿಲ್ಲವೇ?
ಓದುಗರು, ಗೋಣಿಕೊಪ್ಪ

ಉತ್ತರ: ಆಗುತ್ತದೆ. ಅಭ್ಯಾಸವಾಗಿ ಹೋಗುತ್ತದೆ ಎಂದು ಹೇಳುವವರನ್ನು ನನ್ನ ಲ್ಯಾಬಿಗೆ ಸೇರಿಸಿಕೊಳ್ಳಲು ನಾನು ಹಿಂದೆಮುಂದೆ ನೋಡುತ್ತಿದ್ದೆ. ಎಷ್ಟು ಇಲಿ, ಏಕೆ ಅಷ್ಟೇ, ನೋವು ಹೇಗೆ ಕಡಿಮೆ ಮಾಡುತ್ತೀರಿ ಎಂದು ನೀತಿ ಸಮಿತಿಗೆ ಬರೆದುಕೊಟ್ಟು ಒಪ್ಪಿಗೆ ಪಡೆದ ಮೇಲೆಯೇ ಕೆಲಸ. ಕೆಟ್ಟದಾಗಿ ಯೋಜಿಸಿದ ಪ್ರಯೋಗದಲ್ಲಿ ಸತ್ತ ಪ್ರಾಣಿ ಸುಮ್ಮನೆ ಸತ್ತಂತೆ. ಆದ್ದರಿಂದ ಮೊದಲು ಲೆಕ್ಕ ಸರಿಯಾಗಿ ಹಾಕು ಎಂದು ವಿದ್ಯಾರ್ಥಿಗಳನ್ನು ಮತ್ತೆ ಮತ್ತೆ ಕೂರಿಸುತ್ತಿದ್ದೆ. ಪರೀಕ್ಷಿಸದ ಲಸಿಕೆಯನ್ನು ಆರು ವಾರದ ಕೂಸಿಗೆ ಹಾಕಲು ನನ್ನ ಮನಸ್ಸು ಒಪ್ಪದು. ಇದೆರಡರ ನಡುವೆ ನಾನು ಆರಿಸಿಕೊಂಡ ದಾರಿ ಇದು.

ಪ್ರಶ್ನೆ: ನಾನು ನಿವೃತ್ತ ಸೈನಿಕ, ನೇರವಾಗಿ ಕೇಳುತ್ತೇನೆ, ಬೇಸರ ಬೇಡ. ಇಷ್ಟು ವರ್ಷ ಲಸಿಕೆ ಸಂಶೋಧನೆ ಮಾಡಿದಿರಲ್ಲ, ನೀವು ಕಂಡುಹಿಡಿದ ಲಸಿಕೆ ಯಾವುದು?
ಮಾಜಿ ಸುಬೇದಾರ್, ವಿರಾಜಪೇಟೆ

ಉತ್ತರ: ಬೇಸರ ಏನೂ ಇಲ್ಲ ಸುಬೇದಾರ್ರೇ. ನನ್ನ ಹೆಸರಿನ ಲಸಿಕೆ ಯಾವುದೂ ಇಲ್ಲ. ನಾನು ಹೆಚ್ಚು ಕಾಲ ದುಡಿದದ್ದು ಎಳೆಮಕ್ಕಳ ಭೇದಿಗೆ ಕಾರಣವಾಗುವ ರೋಟಾವೈರಸ್ ಮೇಲೆ. ಲಸಿಕೆ ಬರುವ ಮೊದಲು ನಮ್ಮ ದೇಶದಲ್ಲಿ ಈ ಒಂದು ವೈರಸ್ಸಿನಿಂದ ವರ್ಷಕ್ಕೆ ಸುಮಾರು 78,000 ಮಕ್ಕಳು ಸಾಯುತ್ತಿದ್ದರು ಎಂದು ಅಂದಾಜು.

1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಮಹಾರಾಜ್ ಕಿಶನ್ ಭಾನ್ ಮತ್ತು ಜೊತೆಯವರು ಒಂದು ವಿಚಿತ್ರ ಗಮನಿಸಿದರು. ಕೆಲವು ನವಜಾತ ಶಿಶುಗಳ ಮಲದಲ್ಲಿ ರೋಟಾವೈರಸ್ ಇತ್ತು, ಆದರೆ ಭೇದಿ ಇರಲಿಲ್ಲ. ಮುಂದೆ ಅವೇ ಮಕ್ಕಳಿಗೆ ಉಗ್ರ ಭೇದಿ ಬರುವುದೂ ಕಡಿಮೆ. ಬೆಂಗಳೂರಿನ ನವಜಾತ ಶಿಶುಗಳಲ್ಲೂ ಇಂಥದ್ದೇ ಇನ್ನೊಂದು ತಳಿ ಭಾರತೀಯ ವಿಜ್ಞಾನ ಸಂಸ್ಥೆಯವರಿಗೆ ಸಿಕ್ಕಿತು. ಎರಡನ್ನೂ ಪರೀಕ್ಷೆಗೆ ಒಡ್ಡಿದರು. ದೆಹಲಿಯ 116ಇ ಎಂಬ ತಳಿ ಮುಂದೆ ಹೋಯಿತು, ನಮ್ಮ ಬೆಂಗಳೂರಿನದು ಸಾಲಲಿಲ್ಲ. ದೆಹಲಿ, ಪುಣೆ, ವೆಲ್ಲೂರಿನಲ್ಲಿ ಸುಮಾರು 6,800 ಮಕ್ಕಳ ಮೇಲೆ ಕೊನೆಯ ಹಂತದ ಪರೀಕ್ಷೆ ನಡೆಯಿತು. ಮೊದಲ ವರ್ಷ ಈ ವೈರಸ್ಸಿನ ಉಗ್ರ ಭೇದಿಯಿಂದ ಶೇ. 56ರಷ್ಟು ರಕ್ಷಣೆ ಎಂದು ಲೆಕ್ಕ ಬಂತು. 2016ರಿಂದ ಸರ್ಕಾರದ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಶೇ. 56 ಎಂದರೆ ಪಾಸ್ ಮಾರ್ಕಷ್ಟೇ ಎಂದು ನೆಂಟರೊಬ್ಬರು ಅಂದಿದ್ದರು. ಆ 78,000ದ ಜೊತೆ ಇಟ್ಟು ನೋಡಿ ಎಂದೆ.

ನನ್ನ ಪಾಲು ಆ ಮೊದಲ ಶೋಧವಲ್ಲ, ಪರೀಕ್ಷೆ ನಡೆಸಿದವಳೂ ನಾನಲ್ಲ. ಮಕ್ಕಳ ಸೀರಂನಲ್ಲಿ ಈ ವೈರಸ್ಸಿಗೆ ಎಷ್ಟು ಪ್ರತಿಕಾಯ ಇದೆ ಎಂದು ಅಳೆಯುವ ಕ್ರಮವನ್ನು ಬಿಗಿ ಮಾಡುವುದು, ಒಂದು ಲ್ಯಾಬಿನ ಅಂಕಿ ಇನ್ನೊಂದು ಲ್ಯಾಬಿಗೆ ಹೊಂದುವಂತೆ ಮಾಡುವುದು, ಪ್ರತಿಕಾಯ ಚೆನ್ನಾಗಿ ಏರಿದರೂ ಕೆಲವು ಮಕ್ಕಳಿಗೆ ಭೇದಿ ಬರುವುದೇಕೆ ಎಂದು ಹುಡುಕುವುದು, ಇದು ನನ್ನ ಕೆಲಸವಾಗಿತ್ತು. ಕೊನೆಯದಕ್ಕೆ ಪೂರ್ತಿ ಉತ್ತರ ಸಿಗುವ ಮೊದಲೇ ನಿವೃತ್ತಿಯಾಯಿತು. ತಾಯಿಯ ಹಾಲಿನ ಪ್ರತಿಕಾಯ, ಕರುಳಿನಲ್ಲಿ ಮೊದಲೇ ಸೇರಿಕೊಂಡ ಸೂಕ್ಷ್ಮಜೀವಿಗಳು, ಪೋಷಣೆ, ಇವೆಲ್ಲ ಕಾರಣಗಳ ಪಟ್ಟಿಯಲ್ಲಿವೆ. ನನ್ನ ಹತ್ತಿರ ಕಲಿತ ಇಬ್ಬರು ಹುಡುಗಿಯರು ಅದನ್ನೇ ಮುಂದುವರಿಸುತ್ತಿದ್ದಾರೆ, ಅವರ ಫೋನ್ ಬಂದ ದಿನ ನಾನು ತೋಟದ ಕೆಲಸ ಬಿಟ್ಟು ಕೂರುತ್ತೇನೆ.

ಮನೆಯಲ್ಲಿ ಮೊಮ್ಮಕ್ಕಳಿದ್ದರೆ ತಾಯಿ ಕಾರ್ಡ್ ತೆಗೆದು ನೋಡಿ. ಆರನೆಯ, ಹತ್ತನೆಯ, ಹದಿನಾಲ್ಕನೆಯ ವಾರದ ಸಾಲಿನಲ್ಲಿ ರೋಟಾ ಎಂದು ಬರೆದಿರುತ್ತದೆ. ಮೂರೂ ಬಿದ್ದಿವೆಯೇ ನೋಡಿಕೊಳ್ಳಿ. ಮಗುವಿಗೆ ಇನ್ನೂ ವರ್ಷ ತುಂಬದೆ ಯಾವುದಾದರೂ ತಪ್ಪಿದ್ದರೆ ನಿಮ್ಮ ಸಬ್‌ಸೆಂಟರಿನ ಸಿಸ್ಟರ್ ಹತ್ತಿರ ಕೇಳಿ.